ದಂಡಿ, ದಂಡೆ ಅಲ್ಲ

ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದಲು ತೆಗೆದ ಎರಡನೇ ಪ್ರೂಫ್ ಕೈಗೆ ಬಂದ ದಿನ ಮುಖಪುಟ ನೋಡಿ ಸುಮ್ನೆ ನಿಂತುಬಿಟ್ಟೆ. ನನ್ನ ಕಥಾಸಂಕಲನದ ಹೆಸರು ‘ಕಾಗಿಣಾ ದಂಡಿ’. ಅಲ್ಲಿ ಅಚ್ಚಾಗಿದ್ದದ್ದು ‘ಕಾಗಿಣಾ ದಂಡೆ’.

ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿ ಹುಡುಗ ಹೇಳಿದ: “ಪ್ರೂಫ್ ನೋಡಿದ ಸರ್ ತಿದ್ದ್ಯಾರ್ರಿ ಅಕ್ಕೋರೆ. ದಂಡಿ ಅಂದ್ರ ತಪ್ಪಂತ್ರಿ.”

ಒಳಗಿನ ಪುಟ ತೆಗೆದೆ. ನಮ್ಮ ಊರಿನ ಹೆಂಗಸು ಬಾಗಿಲಲ್ಲಿ ನಿಂತು “ಒಳಗೆ ಬನ್ನಿ” ಅನ್ನುತ್ತಿದ್ದಳು. ನಾನು ಬರೆದದ್ದು “ಒಳಗ ಬರ್‍ರಿ”. ಹೊಲದಿಂದ ಬಂದ ಮುತ್ಯಾ “ಏನು ಮಾಡುತ್ತಿದ್ದೀಯಾ?” ಅಂತ ಮೊಮ್ಮಗನನ್ನು ಕೇಳುತ್ತಿದ್ದ. ಎಲ್ಲರ ಬಾಯಿಂದಲೂ ಒಂದೇ ಮಾತು ಬರುತ್ತಿತ್ತು. ಯಾರ ಮನೆಯ ಮಾತೂ ಅದಾಗಿರಲಿಲ್ಲ.

ನಾನು ಕಲಬುರಗಿಯವಳು. ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 44. ತವರು ಚಿತ್ತಾಪುರ ತಾಲೂಕಿನಲ್ಲಿ, ಕಾಗಿಣಾ ನದಿ ದಂಡೆಯ ಮೇಲೆ. ನೋಡಿ, ಬರೆಯುವಾಗ ನಾನೂ ದಂಡೆ ಅಂತಲೇ ಬರೆಯುತ್ತೇನೆ. ಕಥೆ ಹೇಳುವ ಮಾತು ಪುಸ್ತಕದ ಕನ್ನಡದಲ್ಲಿ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಥೆಯೊಳಗಿನ ಜನ ಬಾಯಿ ಬಿಟ್ಟರೆ ಅವರ ಮಾತೇ ಕೇಳಬೇಕು. ಹೆಸರು ‘ದಂಡಿ’ ಅಂತ ಇಟ್ಟದ್ದೂ ಅದಕ್ಕೇ. ಆ ನದಿ ದಡವನ್ನು ನನ್ನ ಅವ್ವ ಕರೆಯುವುದೇ ಹಾಗೆ: “ದಂಡಿಗಿ ಹೋಗಿದ್ನೆ, ಅರಬಿ ಒಗ್ಯಾಕ.”

ಈ ಪುಸ್ತಕ ನಾನೇ ಅಚ್ಚು ಹಾಕಿಸಿದ್ದು. ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು ಅಂತ ಇತ್ತೀಚೆಗೆ ಮೂರ್ನಾಲ್ಕು ಜನ ಕೇಳಿದರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲ ಇಲ್ಲೇ ಬರೆಯುತ್ತಿದ್ದೇನೆ.

ಆಸೆ ಹುಟ್ಟಿದ್ದು 2020ರಲ್ಲಿ. ಫೆಬ್ರವರಿ 5ರಿಂದ 7ರವರೆಗೆ ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮೂರೂ ದಿನ ಹೋದೆ. ಗೋಷ್ಠಿಗಿಂತ ಜಾಸ್ತಿ ಹೊತ್ತು ಪುಸ್ತಕ ಮಳಿಗೆಗಳಲ್ಲೇ ಕಳೆದೆ. ಸಾಲಿನ ಕೊನೆಯಲ್ಲಿ ಒಬ್ಬ ಹಿರಿಯರು ಟವೆಲ್ ಹಾಸಿ ಒಂದೇ ಪುಸ್ತಕದ ಪ್ರತಿಗಳನ್ನು ಜೋಡಿಸಿಕೊಂಡು ಕೂತಿದ್ದರು. ತಾವೇ ಬರೆದದ್ದು, ತಾವೇ ಮಾಡಿಸಿದ್ದು. ನಾನು ಒಂದು ಪ್ರತಿ ಕೊಂಡೆ. ಅವರು ನನ್ನ ಹೆಸರು ಕೇಳಿ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. “ಇದು ಯಾಕೆ?” ಅಂದೆ. “ಯಾರ ಮನೀಗಿ ಹೋಯ್ತು ಅಂತ ಗೊತ್ತಿರಬೇಕಲ್ಲವ್ವಾ” ಅಂದರು. ಆ ನೋಟ್‌ಬುಕ್ ನನ್ನ ತಲೆಯಿಂದ ಹೋಗಲೇ ಇಲ್ಲ.

ನನ್ನ ಹತ್ತಿರ ಆಗ ಐದು ಕಥೆಗಳಿದ್ದವು. ಹನ್ನೊಂದು ಆಗುವ ಹೊತ್ತಿಗೆ ನಾಲ್ಕು ವರ್ಷ ಹಿಡಿಯಿತು. ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಕಥೆ ಚೆನ್ನಾಗಿವೆ, ಭಾಷೆ ಸ್ವಲ್ಪ ತಿಳಿ ಮಾಡಿ ಕಳಿಸಿ, ಬೇರೆ ಕಡೆ ಓದುಗರಿಗೆ ಅರ್ಥ ಆಗೋದಿಲ್ಲ ಅಂದರು. ಇನ್ನೊಬ್ಬರು ಭಾಷೆ ಹೇಗಿದ್ದರೂ ಪರವಾಗಿಲ್ಲ, 300 ಪ್ರತಿ ನೀವೇ ಕೊಳ್ಳಬೇಕು ಅಂದರು. ಮೂರನೆಯದು ಲೇಖಕರಿಂದಲೇ ದುಡ್ಡು ತಗೊಂಡು ಪುಸ್ತಕ ಮಾಡಿಕೊಡುವ, ಪ್ಯಾಕೇಜ್ ಮಾತಾಡುವ ಕಂಪನಿ. ಅವರ ಲೆಕ್ಕದಲ್ಲಿ ಐಎಸ್‌ಬಿಎನ್‌ಗೇ, ಅಂದರೆ ಪುಸ್ತಕದ ಮೇಲೆ ಹಾಕುವ ಗುರುತಿನ ಸಂಖ್ಯೆಗೇ, 2,000 ರೂಪಾಯಿ ಇತ್ತು.

ಅಲ್ಲಿಗೆ ನಾನು ಲೆಕ್ಕದವಳಾಗಿ ಎಚ್ಚರಾದೆ. ಭಾರತದಲ್ಲಿ ಐಎಸ್‌ಬಿಎನ್‌ಗೆ ಶುಲ್ಕವೇ ಇಲ್ಲ. ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಪ್ರಕಾಶನ ಸಂಸ್ಥೆಯೇ ಇರಬೇಕು ಅಂತಿಲ್ಲ, ಲೇಖಕರೇ ಪ್ರಕಾಶಕರಾಗಿಯೂ ಹಾಕಬಹುದು. ನನಗೆ ಮೂರು ವಾರದಲ್ಲಿ ಬಂತು. 13 ಅಂಕಿ, 978ರಿಂದ ಶುರು. ಇನ್ನೊಂದು ಮಾತು. ಐಎಸ್‌ಬಿಎನ್ ಸಿಕ್ಕರೆ ಕೃತಿಯ ಹಕ್ಕು, ಅಂದರೆ ಕಾಪಿರೈಟ್, ಸಿಕ್ಕಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಬರೀ ಪುಸ್ತಕದ ಗುರುತಿನ ಸಂಖ್ಯೆ. ಹಕ್ಕು ನೀವು ಬರೆದ ಕೂಡಲೇ ನಿಮ್ಮದು. ಲೇಖಕರು ಇರುವವರೆಗೆ, ಆಮೇಲೆ 60 ವರ್ಷ.

ಮೂವತ್ತರ ಆಸುಪಾಸಿನವರು ಇದನ್ನು ಓದುತ್ತಿದ್ದರೆ ಮೊದಲು ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆ ನೋಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅವರು ಸಹಾಯಧನ ಕೊಡುತ್ತಾರೆ. ವಯಸ್ಸಿನ ಮಿತಿ ಇದೆ. ನಾನು ಅದನ್ನು ದಾಟಿದ್ದೆ. ಹಾಗಾಗಿ ಚೀಟಿ ಎತ್ತಿದೆ. ಕೈಗೆ 40,000 ಬಂತು.

ಇನ್ನು ಫಾರಂ ವಿಷಯ. ಪುಸ್ತಕದ ಪುಟಗಳನ್ನು ಪ್ರೆಸ್‌ನಲ್ಲಿ ಒಂದೊಂದಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಮೇಲೆ 16 ಪುಟ ಒಟ್ಟಿಗೆ ಬರುತ್ತವೆ. ಅದನ್ನು ಮಡಿಚಿ ಕತ್ತರಿಸುತ್ತಾರೆ. ಅದೇ ಒಂದು ಫಾರಂ. ಎಂಟು ಫಾರಂ ಅಂದರೆ 128 ಪುಟ. ನನ್ನದು ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ 131 ಪುಟ ಬಂದಿತ್ತು. ಆ ಮೂರು ಪುಟಕ್ಕೆ ಅರ್ಧ ಫಾರಂ ಜಾಸ್ತಿ ಹಾಕಬೇಕು, ಐದು ಪುಟ ಖಾಲಿ ಹೋಗುತ್ತವೆ, ಕಾಗದದ ದುಡ್ಡು ಬೇರೆ. ಅದರಲ್ಲಿ ನಾಲ್ಕು ಪುಟ ಮುನ್ನುಡಿಗೆ ಅಂತ ಬಿಟ್ಟಿದ್ದೆ. ಒಬ್ಬ ಹಿರಿಯ ಲೇಖಕರು ಬರೆದುಕೊಡುತ್ತೇನೆ ಅಂದು ಐದು ತಿಂಗಳಾಗಿತ್ತು. ಅವರ ಆರೋಗ್ಯ ಸರಿ ಇರಲಿಲ್ಲ, ಪಾಪ. ನಾನು ಮುನ್ನುಡಿ ಬೇಡ ಅಂತ ತೀರ್ಮಾನ ಮಾಡಿದೆ. 127 ಪುಟ, ಕೊನೆಗೆ ಒಂದು ಖಾಲಿ ಪುಟ. ಎಂಟು ಫಾರಂ ಸರಿಯಾಗಿ ಕೂತಿತು. ಮೊದಲ ಪುಸ್ತಕಕ್ಕೆ ದೊಡ್ಡವರ ಮುನ್ನುಡಿ ಇಲ್ಲದಿದ್ದರೆ ಯಾರೂ ಓದೋದಿಲ್ಲ ಅನ್ನುತ್ತಾರಲ್ವಾ? ನನ್ನನ್ನು ಇವತ್ತಿನವರೆಗೆ ಒಬ್ಬ ಓದುಗರೂ ಮುನ್ನುಡಿ ಎಲ್ಲಿ ಅಂತ ಕೇಳಿಲ್ಲ.

ಈಗ ಆ ಎರಡನೇ ಪ್ರೂಫ್‌ಗೆ ವಾಪಸ್ ಬರುತ್ತೇನೆ.

ಪ್ರೂಫ್ ನೋಡಿಕೊಡಲು ಒಬ್ಬರಿಗೆ 3,000 ಕೊಟ್ಟಿದ್ದೆ. ಬೇರೆ ಕಡೆಯವರು, ನಿವೃತ್ತರು, ಕಾಗುಣಿತದಲ್ಲಿ ಗಟ್ಟಿ ಮನುಷ್ಯ. ಅವರು ತಮ್ಮ ಕೆಲಸ ನಿಷ್ಠೆಯಿಂದಲೇ ಮಾಡಿದ್ದರು. ಮಾತುಗಳನ್ನು ಮುಟ್ಟಬೇಡಿ ಅಂತ ನಾನು ಬಾಯಿಂದ ಹೇಳಿದ್ದೆ, ಬರೆದು ಕೊಟ್ಟಿರಲಿಲ್ಲ. ಅದು ನನ್ನ ತಪ್ಪು. ಕೆಂಪು ಪೆನ್ನಿನ ಗುರುತುಗಳನ್ನು ಎಣಿಸಿದೆ. ಬರೀ ಸಂಭಾಷಣೆಯಲ್ಲೇ 412. ಡಿಟಿಪಿ ಹುಡುಗ ಒಂದನ್ನೂ ಬಿಡದೆ ಎಲ್ಲ ತಿದ್ದಿ, ಹಳೇ ಫೈಲ್ ಮೇಲೆಯೇ ಸೇವ್ ಮಾಡಿದ್ದ.

ಮೊಬೈಲ್‌ನಲ್ಲಿ ನನ್ನ ಮೂಲ ಬರಹ ಇತ್ತು. ಆದರೆ ಅದು ಯೂನಿಕೋಡ್, ಮೊಬೈಲ್‌ನಲ್ಲಿ ಟೈಪ್ ಮಾಡುವಾಗ ಬರುವ ಅಕ್ಷರ ಪದ್ಧತಿ. ಅಂಗಡಿಯಲ್ಲಿ ಅವರು ಕೆಲಸ ಮಾಡುವುದು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ನಲ್ಲಿ, ನುಡಿ ಫಾಂಟ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅಕ್ಷರ ಒಡೆಯುತ್ತವೆ. ನಮ್ಮ ‘ಬರ್‍ರಿ’, ‘ಕೂಡ್ರಿ’, ‘ಹೌದ್ರಿ’ ಇವೆಲ್ಲ ಒತ್ತಕ್ಷರದ ಮೇಲೇ ನಿಂತ ಮಾತುಗಳು. ‘ಬರ್‍ರಿ’ ಅನ್ನುವುದರಲ್ಲಿ ರಕಾರದ ಒತ್ತು ಕಳೆದುಹೋಗಿ ಬರೀ ‘ಬರಿ’ ಆಗಿ ಬಂದಿತ್ತು ಕೆಲವು ಕಡೆ. ಬರಿ ಅಂದರೆ ಬರವಣಿಗೆಯ ‘ಬರೆ’ ಅಂತ ಅರ್ಥ ಆಗುತ್ತದೆ ನಮ್ಮಲ್ಲಿ! ಹಾಗಾಗಿ ಮತ್ತೆ ಬದಲಿಸುವುದು ಬೇಡ, ಕೂತು ಒಂದೊಂದೇ ಸರಿ ಮಾಡೋಣ ಅಂದೆ. ಮಿಲ್ ಮುಗಿಸಿ ಆರೂವರೆಗೆ ಸೂಪರ್ ಮಾರ್ಕೆಟ್ ಹತ್ತಿರದ ಆ ಗಲ್ಲಿಗೆ ಹೋಗುತ್ತಿದ್ದೆ. ಹುಡುಗ ಮದುವೆ ಕಾರ್ಡಿನ ಕೆಲಸ ಬದಿಗಿಟ್ಟು ಕೂರುತ್ತಿದ್ದ. ನಾನು ಓದುತ್ತಿದ್ದೆ, ಅವನು ಹೊಡೆಯುತ್ತಿದ್ದ. ಒಂಬತ್ತು ಸಂಜೆ ಹಿಡಿಯಿತು.

ಮೂರನೇ ದಿನದಿಂದ ಆ ಹುಡುಗ ಬದಲಾದ. ಮೊದಲು ಸುಮ್ಮನೆ ಟೈಪ್ ಮಾಡುತ್ತಿದ್ದವನು ಓದಿ ನಗತೊಡಗಿದ. “ಅಕ್ಕೋರೆ, ನಮ್ಮ ಆಯಿ ಹಿಂಗೇ ಬೈತಾಳ್ರಿ” ಅಂದ. ಆರನೇ ದಿನ ತಾನೇ ಒಂದು ಮಾತು ಹಿಡಿದು ಕೊಟ್ಟ. ಅವನ ಊರು ಜೇವರ್ಗಿ ಕಡೆ. ಪುಸ್ತಕದ ಮೊದಲ ಓದುಗ ಅವನೇ.

ಆಮೇಲೆ ಹಾಗೆ ಸರಿ ಮಾಡಿದ ಪ್ರೂಫ್ ತೆಗೆದುಕೊಂಡು ತವರಿಗೆ ಹೋದೆ. ಅವ್ವನಿಗೆ ಓದಲು ಬರುವುದಿಲ್ಲ. ಶಹಾಬಾದ್ ಪರಸಿ ಹಾಸಿದ ಪಡಸಾಲೆಯಲ್ಲಿ ಅವ್ವ ಮೊರ ಹಿಡಿದು ಜ್ವಾಳ ಹಸನು ಮಾಡುತ್ತಿದ್ದಳು. ನಾನು ಎದುರು ಕೂತು ಜೋರಾಗಿ ಓದಿದೆ. ಎರಡು ದಿನ, ಹನ್ನೊಂದೂ ಕಥೆ.

ಅವ್ವ ಕೇಳುವಾಗ ಕಣ್ಣು ಮೊರದ ಮೇಲೇ ಇರುತ್ತಿತ್ತು. ಹರಳು ಸಿಕ್ಕರೆ ತೆಗೆದು ಪಕ್ಕಕ್ಕೆ ಒಗೆಯುತ್ತಿದ್ದಳು. ಮಾತು ಸರಿ ಕೇಳದಿದ್ದರೆ ಮೊರ ನಿಂತುಬಿಡುತ್ತಿತ್ತು.

ಮೊದಲ ಸಲ ನಿಂತದ್ದು ‘ರೊಟ್ಟಿ ತಟ್ಟುತ್ತಿದ್ದಳು’ ಅನ್ನುವ ಕಡೆ. “ಯಾರವ್ವ ಆಕಿ, ರೊಟ್ಟಿ ತಟ್ಟಾಕಿ? ನಮ್ಮ ಕಡಿ ರೊಟ್ಟಿ ಬಡೀತಾರ.” ಹೌದಲ್ವಾ! ನಾನು ಬಡಿ ಅಂತಲೇ ಬರೆದಿದ್ದೆ, ತಿದ್ದಿದವರ ಕೈ ಅಲ್ಲೂ ಹರಿದಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಡಿಯುವ ಸದ್ದು ಮೂರು ಮನೆ ಆಚೆ ಕೇಳುತ್ತದೆ. ತಟ್ಟಿದರೆ ಆ ಸದ್ದು ಎಲ್ಲಿ?

ಎರಡನೇ ಸಲ ಹೊಳೆ ಬಂದ ಕಥೆಯಲ್ಲಿ. ಮಳೆಗಾಲದಲ್ಲಿ ಕಾಗಿಣಾ ತುಂಬಿ ಮಳಖೇಡದ ಸೇತುವೆ ಮುಳುಗುವುದು ಈ ಕಡೆಯವರಿಗೆ ಗೊತ್ತು. ಆ ರಾತ್ರಿ ಒಬ್ಬ ಓಡಿಬಂದು ಕೂಗುತ್ತಾನೆ. ಪ್ರೂಫ್‌ನಲ್ಲಿ “ನೀರು ಬಂದಿದೆ” ಅಂತ ಇತ್ತು. ಅವ್ವ ತಲೆ ಎತ್ತಿದಳು. “ಹೊಳಿ ಬಂದಾಗ ಯಾರ ಹಂಗ ಒದರ್ತಾರ? ನೀರ್ ಬಂದಾವ!” ನಮ್ಮಲ್ಲಿ ನೀರು ಯಾವಾಗಲೂ ಬಹುವಚನ. ಒಂದು ನೀರು ಬರುವುದಿಲ್ಲ, ನೀರುಗಳೇ ಬರುತ್ತವೆ. ‘ಬಂದಾವ’ ಅಂದಾಗಲೇ ಅದು ಹೆದರಿಕೆ ಹುಟ್ಟಿಸುತ್ತದೆ.

ಮೂರನೆಯದು ಮಾತ್ರ ನನ್ನದೇ ತಪ್ಪು. ಒಂದು ಕಥೆಯಲ್ಲಿ ಸೊಸೆ ಸಿಟ್ಟಿಗೆದ್ದು ಅತ್ತೆಗೆ “ನೀ” ಅನ್ನುತ್ತಾಳೆ. ಆ ಸಿಟ್ಟು ಕಾಣಲಿ ಅಂತಲೇ ಹಾಗೆ ಬರೆದಿದ್ದೆ, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅವ್ವ ಮೊರ ಕೆಳಗಿಟ್ಟಳು. “ಅತ್ತಿಗಿ ನೀ ಅಂತಾಳೇನ ಆಕಿ? ಎಷ್ಟ ಸಿಟ್ಟ ಬಂದ್ರೂ ನೀವು ಅಂತಾಳ. ನೀವು ಅಂದೇ ಚುಚ್ಚತಾಳ.” ಆ ಸಾಲನ್ನು ಅವ್ವನ ಮುಂದೆಯೇ ಪೆನ್ಸಿಲ್‌ನಿಂದ ತಿದ್ದಿ ಮತ್ತೆ ಓದಿದೆ. ಸೊಸೆ ಎರಡು ಪಟ್ಟು ಗಟ್ಟಿಯಾಗಿದ್ದಳು. ಅವ್ವ ಏನೂ ಹೇಳಲಿಲ್ಲ, ಮೊರ ಎತ್ತಿಕೊಂಡಳು.

ಆ ಮಳಖೇಡವೇ ಹಿಂದೆ ರಾಷ್ಟ್ರಕೂಟರ ಮಾನ್ಯಖೇಟ ಆಗಿತ್ತು. ಕಾಗಿಣಾ ದಂಡೆಯ ಮೇಲೇ ಇದೆ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅದರಲ್ಲಿ ಒಂದು ಮಾತು ಬರುತ್ತದೆ: ಕನ್ನಡದಲ್ಲಿ ದೇಸಿ ಬೇರೆ ಬೇರೆ ಇರುವುದರಿಂದ ತಪ್ಪು ಇಷ್ಟೇ ಅಂತ ಎಣಿಸಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬರುತ್ತದೆ ಅಂತ. ಬಿಎ ಓದುವಾಗ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ 412 ಕೆಂಪು ಗುರುತು ನೋಡಿದ ರಾತ್ರಿ ಅದು ನಿಜವಾಗಿ ನೆನಪಿಗೆ ಬಂತು.

ಅಚ್ಚಿನ ಕೆಲಸ ಬೆಂಗಳೂರಿನಲ್ಲಿ ಮಾಡಿಸಿದೆ. ಒಳಪುಟಕ್ಕೆ 70 ಜಿಎಸ್‌ಎಂ (ಇದು ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಷನ್. ಪ್ರೆಸ್‌ನವರು 1,000 ಪ್ರತಿ ಹಾಕಿಸಿ ಅಂತ ಬಹಳ ಹೇಳಿದರು. ಅಚ್ಚಿನ ಪ್ಲೇಟ್ ಮಾಡಿಸುವ ಖರ್ಚು ಒಂದೇ ಸಲ ಬರುವುದರಿಂದ 500ಕ್ಕೆ 27,000 ಆದರೆ 1,000ಕ್ಕೆ 42,000. ಪ್ರತಿಯ ಲೆಕ್ಕ ಹಾಕಿದರೆ ಅದು ಅಗ್ಗ, ನಿಜ. ಆದರೆ ಮಿಲ್‌ನಲ್ಲಿ ನಾನು ಇಪ್ಪತ್ತು ವರ್ಷದಿಂದ ಗೋದಾಮಿನ ಲೆಕ್ಕ ಬರೆಯುತ್ತಿದ್ದೇನೆ. ಮಾರಾಟವಾಗದೆ ಉಳಿದ ಮಾಲು ಅಗ್ಗದ ಮಾಲಲ್ಲ. 500ಕ್ಕೇ ನಿಂತೆ.

ಒಟ್ಟು ಖರ್ಚು ಬರೆದುಬಿಡುತ್ತೇನೆ, ಕೇಳಿದವರಿಗೆ ಬೇಕಾದದ್ದು ಇದೇ. ಡಿಟಿಪಿ ಪುಟಕ್ಕೆ 40ರಂತೆ 5,120. ಪ್ರೂಫ್ 3,000. ಮುಖಪುಟದ ಚಿತ್ರ ಬಿಡಿಸಿದ ಚಿತ್ರಕಲಾ ವಿದ್ಯಾರ್ಥಿನಿಗೆ 3,500. ಅಚ್ಚು, ಬೈಂಡಿಂಗ್ 27,000. ಬಸ್ ಕಾರ್ಗೋ, ಆಟೋ ಸೇರಿ 1,180. ಎಲ್ಲ ಕೂಡಿಸಿದರೆ 39,800. ಒಂದು ಪ್ರತಿಗೆ ಸುಮಾರು 80 ರೂಪಾಯಿ ಬಿತ್ತು. ಬೆಲೆ 150 ಇಟ್ಟೆ. ಅಂಗಡಿಗೆ ಶೇ 40 ಕಮಿಷನ್ ಕೊಟ್ಟರೆ ನನಗೆ ಉಳಿಯುವುದು 90. ಅಂದರೆ ಅಂಗಡಿಯಲ್ಲಿ ಒಂದು ಪ್ರತಿ ಹೋದರೆ ಲಾಭ 10 ರೂಪಾಯಿ, ಅದೂ ದುಡ್ಡು ಕೈಗೆ ಬಂದರೆ. ಕೈಯಿಂದ ಕೈಗೆ 130ಕ್ಕೆ ಕೊಟ್ಟರೆ 50. ಇದನ್ನು ಮೊದಲೇ ಕಾಗದದ ಮೇಲೆ ಬರೆದು ನೋಡಿದ್ದರಿಂದ ಎಷ್ಟು ಪ್ರತಿ ಅಂಗಡಿಗೆ ಕೊಡಬೇಕು ಅನ್ನುವುದು ಸ್ಪಷ್ಟವಾಯಿತು. 60 ಮಾತ್ರ ಕೊಟ್ಟೆ.

50 ಪ್ರತಿಯ ಹತ್ತು ಕಟ್ಟುಗಳು ಬೆಳಗಿನ ಐದೂವರೆಗೆ ಬಸ್ ಸ್ಟ್ಯಾಂಡ್‌ಗೆ ಬಂದವು. ಮೊದಲ ಕಟ್ಟು ಅಲ್ಲೇ ಬಿಚ್ಚಲಿಲ್ಲ. ಮನೆಗೆ ತಂದು ಅವ್ವನ ಕೈಯಿಂದ ಬಿಚ್ಚಿಸಿದೆ. ಬಿಡುಗಡೆ ಅಂತ ದೊಡ್ಡದಾಗಿ ಏನೂ ಮಾಡಲಿಲ್ಲ. ಮಿಲ್ ಅಂಗಳದಲ್ಲಿ ಊಟದ ಹೊತ್ತಿಗೆ ಹಮಾಲಿ ಅಣ್ಣಂದಿರು, ಆರಿಸುವ ಅಕ್ಕಂದಿರು, ಆಫೀಸಿನವರು ಸೇರಿ ಮೂವತ್ತು ಜನ ಕೂತೆವು. ಸುಸಲಾ, ಮಿರ್ಚಿ, ಚಹಾ. ಹೊಳೆಯ ಕಥೆ ಓದಿದೆ. “ನೀರ್ ಬಂದಾವ” ಅಂದಾಗ ಹಮಾಲಿ ಕಾಕಾ ಒಬ್ಬರು ಕೈಯಲ್ಲಿದ್ದ ಮಿರ್ಚಿ ಹಾಗೇ ಹಿಡಿದು ಕೂತಿದ್ದರು. ಅವರ ಊರೂ ನದಿ ದಂಡೆಯದ್ದೇ.

ಅಚ್ಚಾದ ಮೇಲೆ ಒಂದು ಕೆಲಸ ಮರೆಯಬೇಡಿ. ನೀವೇ ಪ್ರಕಾಶಕರು ಅಂದ ಮೇಲೆ 1954ರ ಪುಸ್ತಕ ವಿತರಣಾ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ನಿಮ್ಮ ಖರ್ಚಿನಲ್ಲೇ ಒಂದೊಂದು ಪ್ರತಿ ಕಳಿಸಬೇಕು. ನಾಲ್ಕು ಲಕೋಟೆಗಳ ಮೇಲೆ ವಿಳಾಸ ಬರೆಯುವಾಗ ನನಗೆ ಕಣ್ಣು ತುಂಬಿ ಬಂತು. ಅವ್ವನ ಮಾತು ಕೋಲ್ಕತ್ತಾಕ್ಕೆ ಹೊರಟಿತ್ತು.

ಅಂಚೆ ಬಗ್ಗೆ ಒಂದು ಮಾತು. ಮೊದಲು ಪುಸ್ತಕಕ್ಕೆ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ. ಜಾಹೀರಾತು ಇರುವ ಪುಸ್ತಕಕ್ಕೆ ಇದು ಸಿಗುವುದಿಲ್ಲ, ಮತ್ತು ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ನಿಮ್ಮ ಪುಸ್ತಕ ಅದರಲ್ಲಿ ಹೋಗುತ್ತದೋ ಇಲ್ಲವೋ ಅಂತ ಕೌಂಟರ್‌ನಲ್ಲಿ ಒಂದು ಪ್ರತಿ ತೋರಿಸಿ ಕೇಳಿಕೊಂಡರೆ ಒಳ್ಳೆಯದು.

ಸಮ್ಮೇಳನದಲ್ಲಿ ನೋಟ್‌ಬುಕ್ ಹಿಡಿದಿದ್ದ ಆ ಹಿರಿಯರ ಹಾಗೆ ನಾನೂ ಒಂದು ಖಾತಾ ಬರೆಯುತ್ತಿದ್ದೇನೆ. 500ರಲ್ಲಿ 4 ಗ್ರಂಥಾಲಯಗಳಿಗೆ, 38 ಗೌರವ ಪ್ರತಿ, 60 ಅಂಗಡಿಗೆ, ಕೈಯಿಂದ ಮತ್ತು ಅಂಚೆಯಿಂದ 258. ಅಂಗಡಿಗೆ ಕೊಟ್ಟದ್ದರಲ್ಲಿ 37ಕ್ಕೆ ದುಡ್ಡು ಬಂದಿದೆ. ಕೈಯಿಂದ ಕೊಟ್ಟದ್ದರಲ್ಲಿ 12 ಉದ್ರಿ. ಹಾಕಿದ ದುಡ್ಡು ವಾಪಸ್ ಬರಲು ಇನ್ನು ನಾಲ್ಕೂವರೆ ಸಾವಿರ ಬೇಕು. ಗೌರವ ಪ್ರತಿ ಇಷ್ಟು ಕೊಡಬಾರದಿತ್ತು ಅಂತ ಈಗ ಅನ್ನಿಸುತ್ತದೆ. ದುಡ್ಡು ಕೊಟ್ಟು ಒಯ್ದವರು ಓದಿ ಫೋನ್ ಮಾಡಿದ್ದಾರೆ. ಸುಮ್ಮನೆ ಕೊಟ್ಟವರಲ್ಲಿ ಮೂವರು ಮಾತ್ರ.

ಮೈಸೂರಿನಿಂದ ಒಬ್ಬ ಟೀಚರ್ ಫೋನ್ ಮಾಡಿದ್ದರು. ಮೊದಲ ಕಥೆ ಸ್ವಲ್ಪ ಕಷ್ಟ ಆಯ್ತು, ಆಮೇಲೆ ಬಾಯಿ ಬಿಟ್ಟು ಓದಿದೆ, ಎಲ್ಲ ತಿಳಿಯಿತು ಅಂದರು. ತಿಳಿ ಮಾಡಿ ಕಳಿಸಿ ಅಂದ ಪ್ರಕಾಶಕರ ಮಾತು ಅವರಿಗೆ ಹೇಳಿದೆ. “ಅಯ್ಯೋ, ಮಾಡಿಬಿಟ್ಟಿದ್ರೆ ಏನು ಉಳೀತಿತ್ತು ರೀ?” ಅಂದರು.

140 ಪ್ರತಿ ಮಂಚದ ಕೆಳಗೆ ಹಲಗೆಯ ಮೇಲೆ ಇವೆ. ಅವು ಮುಗಿದ ಮೇಲೆ ಮರುಮುದ್ರಣ ಮಾಡಿಸುತ್ತೇನೆ. ಅಕ್ಷರ ತಪ್ಪು ತಿದ್ದಿ ಹಾಕಿಸಲು ಹೊಸ ಐಎಸ್‌ಬಿಎನ್ ಬೇಕಿಲ್ಲ.

ಈಗಾಗಲೇ ಪುಸ್ತಕ ಕೊಂಡವರಲ್ಲಿ ಒಂದು ಕೋರಿಕೆ. ಪುಟ 73, ಕೆಳಗಿನಿಂದ ನಾಲ್ಕನೇ ಸಾಲು. ಅಲ್ಲಿ ಒಂದು ಕಡೆ ‘ರೊಟ್ಟಿ ತಟ್ಟಿ’ ಅಂತ ಉಳಿದುಬಿಟ್ಟಿದೆ. ‘ಬಡದು’ ಆಗಬೇಕು. ದಯವಿಟ್ಟು ಪೆನ್ನು ತಗೊಂಡು ತಿದ್ದಿಕೊಳ್ಳಿ.